ಹಿಡಿದ ಕೈ ಬಿಡುವ ಹೊತ್ತು

ಬಸ್ಸಿನಲ್ಲೋ ಸಂತೆಯಲ್ಲೋ ಒಬ್ಬ ಮನುಷ್ಯ ಇದ್ದಕ್ಕಿದ್ದಂತೆ ರೇಗಾಡತೊಡಗುತ್ತಾನೆ. ಹೊಡೀತೀನಿ, ಕಡೀತೀನಿ ಅನ್ನುತ್ತಾನೆ. ಹೆಂಗಸರು ಮಕ್ಕಳು ಹೆದರುತ್ತಾರೆ. ಯಾರೋ ಧೈರ್ಯ ಮಾಡಿ ಅವನನ್ನು ಹಿಡಿಯುತ್ತಾರೆ. ಹಿಡಿಯಲೇಬೇಕಾದ ಸಂದರ್ಭಗಳು ಇವೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಇವತ್ತು ನಾನು ಮಾತಾಡಬೇಕೆಂದಿರುವುದು ಹಿಡಿದ ಮೇಲಿನ ಹೊತ್ತಿನ ಬಗ್ಗೆ. ಹಿಡಿದವನನ್ನು ಬಿಡುವುದು ಯಾವಾಗ?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಸುಮಾರು 20 ವರ್ಷದ ಹಿಂದಿನ ಮಾತು. ಅರಸೀಕೆರೆ ಕಡೆಯ ಒಂದು ಊರಿನ ಬಸ್ ನಿಲ್ದಾಣ. ಅವತ್ತು ಸಂತೆ. ಕೊಬ್ಬರಿ ಮೂಟೆ, ಕೋಳಿ ಬುಟ್ಟಿ, ಜನ, ಕಾಲಿಡಲು ಜಾಗವಿಲ್ಲ. ಅಲ್ಲಿ ಒಬ್ಬ ಬಂದ. ವಯಸ್ಸು 35ರ ಆಸುಪಾಸು. ಅಂಗಿಯ ಗುಂಡಿ ಮೇಲೆ ಕೆಳಗಾಗಿತ್ತು. ಕೈಯಲ್ಲಿ ಒಡೆದ ಸೋಡಾ ಬಾಟಲಿ. ಯಾರ ಹೆಸರನ್ನೋ ಕೂಗಿ ಬಯ್ಯುತ್ತಿದ್ದ. ಆ ಹೆಸರಿನವರು ಅಲ್ಲಿ ಯಾರೂ ಇರಲಿಲ್ಲ. ಬಾಟಲಿ ಬೀಸಿಕೊಂಡು ಹೂವಿನಂಗಡಿಯ ಕಡೆ ನುಗ್ಗಿದ.

ಮೂಟೆ ಹೊರುವ ಹಮಾಲರಿಬ್ಬರು ಹಿಂದಿನಿಂದ ಬಂದು ಅವನನ್ನು ಅಪ್ಪಿ ಹಿಡಿದರು. ಬಾಟಲಿ ಕೆಳಗೆ ಬಿತ್ತು. ಯಾರೋ ಅದನ್ನು ಚರಂಡಿಗೆ ಒದ್ದರು. ಅವನನ್ನು ಬೋರಲು ಕೆಡವಿದರು. ಒಬ್ಬ ಬೆನ್ನಿಗೆ ಮಂಡಿ ಊರಿದ. ಇನ್ನೊಬ್ಬ ತೋಳು ತಿರುಚಿ ಹಿಡಿದ. ಕಾಲು ಒದ್ದಾಡುತ್ತಿತ್ತು. ಪಕ್ಕದಲ್ಲೇ ನಿಂತಿದ್ದ ನಾನು ಬಗ್ಗಿ ಆ ಕಾಲನ್ನು ಹಿಡಿದೆ. ಅವನು ಕೊಸರಿದಷ್ಟೂ ಅದುಮಿದೆ. ಆ ಕೊಸರಾಟ ನನ್ನ ಅಂಗೈಗೆ ಇನ್ನೂ ನೆನಪಿದೆ.

ಈ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತೇನೆ. ಆಮೇಲೆ ಮತ್ತೆ ಬರೋಣ. ಈಗ ನಿಮ್ಮನ್ನು ಬಹಳ ದೂರ ಕರೆದುಕೊಂಡು ಹೋಗಬೇಕು, ನ್ಯೂಯಾರ್ಕ್ ನಗರದ ನೆಲದಡಿಯ ರೈಲಿಗೆ.

2023ರ ಮೇ 1. ಮಧ್ಯಾಹ್ನ. ಊರಿನ ಹೊಟ್ಟೆಯೊಳಗೆ ಓಡುವ ಒಂದು ರೈಲು. ಅದರ ಬೋಗಿಗೆ ಜೋರ್ಡನ್ ನೀಲಿ ಎಂಬ 30 ವರ್ಷದ ಕಪ್ಪು ಯುವಕ ಹತ್ತಿದ. ಮೈಮೇಲಿನ ಜಾಕೆಟ್ಟು ತೆಗೆದು ನೆಲಕ್ಕೆ ಬಿಸಾಡಿದ. ಹಸಿವು, ಬಾಯಾರಿಕೆ ಎಂದು ಕೂಗಾಡಿದ. ಜೈಲಿಗೆ ಹೋದರೂ ಚಿಂತೆಯಿಲ್ಲ, ಸತ್ತರೂ ಚಿಂತೆಯಿಲ್ಲ ಎಂದ. ಬೋಗಿಯಲ್ಲಿದ್ದವರು ನಡುಗಿಹೋದರು. ತಮಗೆ ನಿಜವಾಗಿ ಹೆದರಿಕೆಯಾಗಿತ್ತು ಎಂದು ಹಲವರು ಆಮೇಲೆ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದರು. ಆ ಹೆದರಿಕೆಯನ್ನು ನಾವು ಹಗುರವಾಗಿ ಕಾಣಬಾರದು. ಬಾಗಿಲು ಮುಚ್ಚಿದ, ಓಡುತ್ತಿರುವ ಬೋಗಿ. ಓಡಿಹೋಗಲು ದಾರಿಯಿಲ್ಲ.

ಆಗ ಡೇನಿಯಲ್ ಪೆನ್ನಿ ಎಂಬ 24 ವರ್ಷದ ಮಾಜಿ ಸೈನಿಕ ಎದ್ದ. ಹಿಂದಿನಿಂದ ಬಂದು ನೀಲಿಯ ಕುತ್ತಿಗೆಗೆ ತೋಳು ಸುತ್ತಿ, ಮೊಣಕೈಯ ಮಡಿಕೆಯಲ್ಲಿ ಬಿಗಿದು, ನೆಲಕ್ಕೆ ಕೆಡವಿದ. ಅರ್ಧ ನಿಮಿಷದೊಳಗೆ ರೈಲು ಮುಂದಿನ ನಿಲ್ದಾಣಕ್ಕೆ ಬಂತು. ಬಾಗಿಲು ತೆರೆಯಿತು. ಹೆದರಿದವರು ಇಳಿದು ಹೊರಟರು. ಇನ್ನಿಬ್ಬರು ಬಂದು ನೀಲಿಯ ಕೈಗಳನ್ನು ಹಿಡಿದುಕೊಂಡರು. ಪೆನ್ನಿಯ ತೋಳು ಮಾತ್ರ ಕುತ್ತಿಗೆಯ ಮೇಲೇ ಇತ್ತು. ಸರ್ಕಾರಿ ವಕೀಲರ ಲೆಕ್ಕದಲ್ಲಿ ಆ ಹಿಡಿತ ಒಟ್ಟು ಸುಮಾರು 6 ನಿಮಿಷ. ನೀಲಿಯ ಮೈ ಸಡಿಲಗೊಂಡು ಅಲುಗಾಟ ನಿಂತ ಮೇಲೂ ಸುಮಾರು 50 ಸೆಕೆಂಡು. ನೋಡುತ್ತಿದ್ದವರಲ್ಲಿ ಒಬ್ಬ, ಹೀಗೇ ಹಿಡಿದರೆ ಅವನು ಸತ್ತುಹೋಗುತ್ತಾನೆ, ಕೊಲೆ ಕೇಸು ನಿನ್ನ ಮೈಮೇಲೆ ಬರುತ್ತದೆ ಎಂದು ಎಚ್ಚರಿಸಿದ್ದು ವಿಡಿಯೋದಲ್ಲಿ ದಾಖಲಾಗಿದೆ.

ನೀಲಿ ಸತ್ತ. ಅವನ ಹತ್ತಿರ ಆಯುಧ ಇರಲಿಲ್ಲ. ಜೇಬಿನಲ್ಲಿ ಒಂದು ಮಫಿನ್ ಇತ್ತು, ನಮ್ಮ ಬೇಕರಿಯ ಕಪ್ ಕೇಕಿನಂಥದ್ದು.

ಯಾರು ಈ ನೀಲಿ? ಮೈಕೆಲ್ ಜಾಕ್ಸನ್ನನ ಹಾಗೆ ವೇಷ ಹಾಕಿ, ಅದೇ ರೈಲುಗಳಲ್ಲಿ ಕುಣಿದು ಜನರನ್ನು ರಂಜಿಸುತ್ತಿದ್ದ ಹುಡುಗ. ಹದಿಹರೆಯದಲ್ಲಿದ್ದಾಗ ಅವನ ತಾಯಿಯ ಕೊಲೆಯಾಯಿತು. ಆಮೇಲೆ ಮನಸ್ಸು ಕೆಟ್ಟಿತು. ಮನೆಯಿಲ್ಲದೆ ಅಲೆದ. ತೀರ ಹೆಚ್ಚಿನ ಆರೈಕೆ ಬೇಕಾದ ಸುಮಾರು 50 ಮಂದಿ ನಿರಾಶ್ರಿತರ ಪಟ್ಟಿಯನ್ನು ಆ ನಗರ ಇಟ್ಟುಕೊಂಡಿತ್ತು. ಅದರಲ್ಲಿ ಅವನ ಹೆಸರೂ ಇತ್ತು. ಅವನ ಮೇಲೆ ಹಿಂದೆ ಹಲ್ಲೆಯ ಕೇಸುಗಳೂ ಇದ್ದವು. ಆದರೆ ಅವತ್ತು ಬೋಗಿಯಲ್ಲಿದ್ದವರಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವರು ಕಂಡದ್ದು ಕೂಗಾಡುವ ಒಬ್ಬ ಅಪರಿಚಿತನನ್ನು.

ನಗರದ ವೈದ್ಯಾಧಿಕಾರಿ, ಕುತ್ತಿಗೆ ಅದುಮಿದ್ದರಿಂದಲೇ ಸಾವು ಎಂದರು. ಅವನ ರಕ್ತದ ದೋಷ, ಮಾನಸಿಕ ಕಾಯಿಲೆ, ಮಾದಕವಸ್ತು ಎಲ್ಲ ಸೇರಿ ಸಾವು ಬಂತು ಎಂದು ಆರೋಪಿಯ ವಕೀಲರು ವಾದಿಸಿದರು. 2024ರ ಕೊನೆಯಲ್ಲಿ ವಿಚಾರಣೆ ನಡೆಯಿತು. ದೊಡ್ಡ ಆರೋಪದ ಬಗ್ಗೆ 12 ಮಂದಿ ಜ್ಯೂರಿಗಳಲ್ಲಿ ಒಮ್ಮತ ಮೂಡಲಿಲ್ಲ. ಅದನ್ನು ಕೈಬಿಡಲಾಯಿತು. ಉಳಿದದ್ದು, ಅಪರಾಧವೆನ್ನಿಸುವಷ್ಟು ಅಜಾಗರೂಕತೆಯಿಂದ ಸಾವು ತಂದ ಎಂಬ ಸಣ್ಣ ಆರೋಪ. ಡಿಸೆಂಬರ್ 9ರಂದು ಅದರಿಂದಲೂ ಪೆನ್ನಿ ಖುಲಾಸೆಯಾದ.

ತೀರ್ಪು ಬಂದ ದಿನ ಅಲ್ಲಿ ಕೆಲವರು ಕುಣಿದರು, ಕೆಲವರು ಅತ್ತರು. ನಾನು ಆ ತೀರ್ಪನ್ನು ತಿದ್ದಲು ಹೊರಟಿಲ್ಲ. ಅನುಮಾನಕ್ಕೆ ಎಡೆಯಿಲ್ಲದಂತೆ ಅಪರಾಧ ಸಾಬೀತಾಗಲಿಲ್ಲ ಎಂದಷ್ಟೇ ಅದರ ಅರ್ಥ. ಆ 6 ನಿಮಿಷವೂ ಸರಿಯಾಗಿತ್ತು ಎಂದು ಯಾರೂ ಬರೆದುಕೊಟ್ಟಿಲ್ಲ. ನನ್ನ ಮನಸ್ಸನ್ನೇ ಕೇಳಿದರೆ ಹೀಗೆ ಹೇಳುತ್ತೇನೆ. ಮೊದಲ ಅರ್ಧ ನಿಮಿಷ ನನಗೆ ಅರ್ಥವಾಗುತ್ತದೆ. ಆ ಬೋಗಿಯಲ್ಲಿ ನನ್ನ ಮಗಳು ಕೂತಿದ್ದರೆ, ಯಾರಾದರೂ ಎದ್ದು ನಿಲ್ಲಲಿ ಎಂದೇ ನಾನು ಹಂಬಲಿಸುತ್ತಿದ್ದೆ. ಬಾಗಿಲು ತೆರೆದು, ಜನ ಇಳಿದು, ಇನ್ನಿಬ್ಬರು ಕೈ ಹಿಡಿದ ಮೇಲಿನ ನಿಮಿಷಗಳು ಮಾತ್ರ ನನಗೆ ಜೀರ್ಣವಾಗುವುದಿಲ್ಲ.

ಇದೇ ನಗರದ ರೈಲಿನಲ್ಲಿ 1984ರ ಡಿಸೆಂಬರಿನಲ್ಲಿ ಇನ್ನೊಂದು ಘಟನೆ ನಡೆದಿತ್ತು. 5 ಡಾಲರ್ ಕೊಡು ಎಂದ ಹುಡುಗರ ಮೇಲೆ ಬರ್ನ್‌ಹಾರ್ಡ್ ಗೆಟ್ಜ್ ಎಂಬವನು ಗುಂಡು ಹಾರಿಸಿದ. ನಾಲ್ವರು ಗಾಯಗೊಂಡರು. ಅವನನ್ನೂ ಜ್ಯೂರಿ ಕೊಲೆಯತ್ನದ ಆರೋಪದಿಂದ ಬಿಟ್ಟಿತು. ಶಿಕ್ಷೆಯಾದದ್ದು ಪರವಾನಗಿಯಿಲ್ಲದ ಪಿಸ್ತೂಲಿಗೆ ಮಾತ್ರ. ಆದರೆ ಆ ಪ್ರಕರಣದಲ್ಲಿ, 1986ರಲ್ಲಿ, ಆ ರಾಜ್ಯದ ಅತ್ಯುನ್ನತ ನ್ಯಾಯಾಲಯ ಒಂದು ಮಾತನ್ನು ಗಟ್ಟಿಮಾಡಿತು. ನನಗೆ ಹೆದರಿಕೆಯಾಯಿತು ಎಂದರೆ ಸಾಲದು. ಅದೇ ಜಾಗದಲ್ಲಿ, ಅದೇ ಸ್ಥಿತಿಯಲ್ಲಿ, ವಿವೇಕವುಳ್ಳ ಇನ್ನೊಬ್ಬನಿಗೂ ಹಾಗೆ ಹೆದರಿಕೆಯಾಗುತ್ತಿತ್ತೇ ಎಂದು ನೋಡಬೇಕು.

ಬಂಧುಗಳೇ, ಇಲ್ಲಿಯವರೆಗೆ ಹೇಳಿದ್ದನ್ನು ಒಮ್ಮೆ ಕೂಡಿಸಿಕೊಳ್ಳೋಣ. ಹೆದರಿಕೆ ನಿಜವಿರಬಹುದು. ಹಿಡಿದದ್ದು ಸರಿಯಿರಬಹುದು. ಅಪಾಯ ಕಳೆದ ಮೇಲೂ ಹಿಡಿತ ಹಾಗೇ ಉಳಿದರೆ ಅದು ಬೇರೆಯೇ ಕೆಲಸ. ಹಾಗಾದರೆ ಕೈ ಯಾಕೆ ಬಿಡುವುದಿಲ್ಲ? ಇದು ಕೆಟ್ಟವರ ಕಥೆಯಾಗಿದ್ದರೆ ಸುಲಭವಿತ್ತು. ಒಳ್ಳೆಯವರ ಕೈಯೂ ಬಿಡುವುದಿಲ್ಲ. ಅದಕ್ಕೆ ಕಾರಣ ಮೈಯಲ್ಲೇ ಇದೆ.

ಉಸಿರು ಎಳೆದುಕೊಳ್ಳಲು ಎದೆಗೂಡು ಹಿಗ್ಗಬೇಕು, ಹೊಟ್ಟೆ ಮುಂದಕ್ಕೆ ಬರಬೇಕು. ಬೋರಲು ಮಲಗಿಸಿ ಬೆನ್ನ ಮೇಲೆ ಕೂತರೆ ಎರಡಕ್ಕೂ ಜಾಗವಿಲ್ಲ. ಜಗಳವಾಡಿ ಏದುಸಿರು ಬಿಡುತ್ತಿರುವವನಿಗೆ ಮಾಮೂಲಿಗಿಂತ ಹೆಚ್ಚು ಗಾಳಿ ಬೇಕು. ಸಿಗುವುದು ಕಡಿಮೆ. ಆಗ ಮೈ ತಾನಾಗಿ ಏನು ಮಾಡುತ್ತದೆ? ಮೇಲಿನ ಭಾರವನ್ನು ಕೊಡವಿಹಾಕಲು ನೋಡುತ್ತದೆ. ಸೊಂಟ ಎತ್ತುತ್ತದೆ, ಕಾಲು ಒದೆಯುತ್ತದೆ. ಹಿಡಿದವನಿಗೆ ಅದು ಹೇಗೆ ಕಾಣುತ್ತದೆ? ಇನ್ನೂ ಸೊಕ್ಕು ಇಳಿದಿಲ್ಲ, ಬಿಟ್ಟರೆ ಮೇಲೆ ಬೀಳುತ್ತಾನೆ ಅನ್ನಿಸುತ್ತದೆ. ಇನ್ನಷ್ಟು ಅದುಮುತ್ತಾನೆ. ಅವನು ಇನ್ನಷ್ಟು ಕೊಸರುತ್ತಾನೆ. ಕೊನೆಗೊಮ್ಮೆ ಕೊಸರಾಟ ನಿಲ್ಲುತ್ತದೆ. ಅಬ್ಬ, ತಣ್ಣಗಾದ ಎಂದು ಮೇಲಿದ್ದವನು ನಿಟ್ಟುಸಿರು ಬಿಡುತ್ತಾನೆ. ಆ ಗಳಿಗೆಯಲ್ಲಿ ಪ್ರಾಣ ಹೋಗುತ್ತಿರಬಹುದು.

ಕುತ್ತಿಗೆಯ ಪಟ್ಟು ಇದಕ್ಕಿಂತ ಬೇಗ ಕೆಲಸ ಮಾಡುತ್ತದೆ. ಕುತ್ತಿಗೆಯ ಎರಡೂ ಪಕ್ಕದಲ್ಲಿ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳಗಳಿವೆ. ಎರಡನ್ನೂ ಒಟ್ಟಿಗೆ ಬಿಗಿದರೆ ಸುಮಾರು 10 ಸೆಕೆಂಡಿನಲ್ಲಿ ಎಚ್ಚರ ತಪ್ಪುತ್ತದೆ. ಅದಕ್ಕೇ ಈ ಪಟ್ಟನ್ನು ಕಲಿಸುವ ಕಡೆ, ಬಿಡುವುದನ್ನೂ ಜೊತೆಗೇ ಕಲಿಸುತ್ತಾರೆ. ನ್ಯೂಯಾರ್ಕಿನ ಪೊಲೀಸ್ ಇಲಾಖೆ 1993ರಲ್ಲೇ ತನ್ನವರಿಗೆ ಈ ಪಟ್ಟನ್ನು ನಿಷೇಧಿಸಿತ್ತು. ಆದರೂ 2014ರಲ್ಲಿ ಎರಿಕ್ ಗಾರ್ನರ್ ಎಂಬವನು ಪೊಲೀಸನೊಬ್ಬನ ಅದೇ ಪಟ್ಟಿಗೆ ಸಿಕ್ಕಿ ಸತ್ತ. ಉಸಿರಾಡಲು ಆಗುತ್ತಿಲ್ಲ ಎಂದು ಹತ್ತಕ್ಕೂ ಹೆಚ್ಚು ಸಲ ಹೇಳಿ ಸತ್ತ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಮಾತಾಡುತ್ತಿದ್ದಾನೆ ಅಂದರೆ ಉಸಿರಾಡುತ್ತಿದ್ದಾನೆ ಎಂದು ಬಹಳ ಜನ ತಿಳಿದಿದ್ದಾರೆ. ಒಂದು ಮಾತು ಹೊರಡಿಸಲು ಬೇಕಾಗುವ ಗಾಳಿ ತೀರ ಸ್ವಲ್ಪ. ಬದುಕಲು ಅಷ್ಟು ಸಾಲದು.

ನಮ್ಮ ಹಳ್ಳಿಯಲ್ಲಿ ಎತ್ತಿಗೆ ಲಾಳ ಕಟ್ಟುವುದನ್ನು ನಿಮ್ಮಲ್ಲಿ ಹಿರಿಯರು ನೋಡಿರುತ್ತೀರಿ. ಹಗ್ಗ ಹಾಕಿ ಎತ್ತನ್ನು ಪಕ್ಕಕ್ಕೆ ಕೆಡವುತ್ತಾರೆ. ನಾಲ್ಕು ಕಾಲು ಸೇರಿಸಿ ಕಟ್ಟುತ್ತಾರೆ. ಒಬ್ಬ ತಲೆಯ ಹತ್ತಿರ ಕೂತು ಕೊಂಬು ಹಿಡಿಯುತ್ತಾನೆ. ಅವನಿಗೆ ಬೇರೆ ಕೆಲಸವಿಲ್ಲ. ಎತ್ತಿನ ಕಣ್ಣು, ಮೂಗು, ಬಾಯಿ ನೋಡುತ್ತಿರುವುದೇ ಕೆಲಸ. ಲಾಳ ಹೊಡೆಯುವವನ ಕೈ ಚುರುಕಾಗಿ ಓಡುತ್ತದೆ. ಬಿದ್ದ ಎತ್ತನ್ನು ತುಂಬ ಹೊತ್ತು ಹಾಗೇ ಬಿಡಬಾರದು, ಹೊಟ್ಟೆ ಉಬ್ಬರಿಸುತ್ತದೆ ಎಂದು ನಮ್ಮಜ್ಜ ಪಕ್ಕದಲ್ಲಿ ನಿಂತು ಅವಸರ ಮಾಡುತ್ತಿದ್ದರು. ಮಾನಸಿಕ ಆಸ್ಪತ್ರೆಯ ಸಿಬ್ಬಂದಿಗೆ ರೋಗಿಯನ್ನು ಹಿಡಿಯುವ ತರಬೇತಿ ಕೊಡುವಾಗಲೂ ಇದೇ ಹೇಳಿಕೊಡುತ್ತಾರೆ. ಒಬ್ಬ ತಲೆಯ ಬಳಿ ಇರಬೇಕು, ಉಸಿರನ್ನೇ ಗಮನಿಸುತ್ತಿರಬೇಕು. ಎತ್ತಿಗೆ ನಾವು ತೋರಿಸುತ್ತಿದ್ದ ಆ ಎಚ್ಚರ ಬಸ್ ನಿಲ್ದಾಣದಲ್ಲಿ ನಮ್ಮ ಯಾರಿಗೂ ನೆನಪಾಗಲಿಲ್ಲವಲ್ಲ ಎಂದು ನನಗೆ ಇಂದಿಗೂ ಸಂಕಟವಾಗುತ್ತದೆ.

ಅಪಾಯಕ್ಕೊಂದು ಕಾಲ, ಹಿಡಿತಕ್ಕೊಂದು ಕಾಲ. ಇವೆರಡೂ ಒಂದೇ ಆಗಿರಬೇಕು ಎಂದು ಹೇಳಿದೆ. ಕೊಸರಾಟವನ್ನು ನಾವು ತಪ್ಪಾಗಿ ಓದುತ್ತೇವೆ ಎಂದೂ ಹೇಳಿದೆ. ಈಗ ನಮ್ಮ ಕಾನೂನು ಏನನ್ನುತ್ತದೆ ನೋಡೋಣ.

2024ರ ಜುಲೈ 1ರಿಂದ ನಮ್ಮಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರಲ್ಲಿ ಆತ್ಮರಕ್ಷಣೆಗೆಂದೇ 34ರಿಂದ 44ರವರೆಗಿನ ಸೆಕ್ಷನ್‌ಗಳಿವೆ. ಸೆಕ್ಷನ್ ಸಂಖ್ಯೆ ಮರೆತರೂ ಚಿಂತೆಯಿಲ್ಲ, ಅದರ ತಿರುಳು ನೆನಪಿರಲಿ. ನಿಮ್ಮ ಮೈಯನ್ನು ಮಾತ್ರವಲ್ಲ, ಪಕ್ಕದವರ ಮೈಯನ್ನು ಕಾಪಾಡಲೂ ನಿಮಗೆ ಹಕ್ಕಿದೆ. ಎದುರಿಗಿರುವವನು ಬುದ್ಧಿ ಸ್ವಾಧೀನದಲ್ಲಿಲ್ಲದವನಾದರೂ ಆ ಹಕ್ಕು ಹೋಗುವುದಿಲ್ಲ. ಏಟು ಬೀಳುವವರೆಗೆ ಕಾಯಬೇಕಾಗಿಯೂ ಇಲ್ಲ. 40ನೆಯ ಸೆಕ್ಷನ್ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಅಪಾಯವಿದೆ ಎಂದು ನ್ಯಾಯವಾಗಿ ಅನ್ನಿಸಿದ ಕೂಡಲೇ ಹಕ್ಕು ಹುಟ್ಟುತ್ತದೆ. ಆ ಅಪಾಯದ ಭಯ ಇರುವಷ್ಟು ಹೊತ್ತು ಹಕ್ಕು ಇರುತ್ತದೆ. ಭಯಕ್ಕೆ ಕಾರಣ ಹೋಯಿತೆಂದರೆ ಹಕ್ಕೂ ಹೋಯಿತು. 37ನೆಯ ಸೆಕ್ಷನ್ ಇನ್ನೊಂದು ಗೆರೆ ಎಳೆಯುತ್ತದೆ. ರಕ್ಷಣೆಗೆ ಎಷ್ಟು ಬೇಕೋ ಅಷ್ಟೇ, ಅದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ.

ಗಾಬರಿಯ ಹೊತ್ತಿನಲ್ಲಿ ಇದನ್ನೆಲ್ಲ ತೂಕ ಹಾಕಲು ಆಗುತ್ತದೆಯೇ ಎಂದು ನೀವು ಕೇಳಬಹುದು. ನ್ಯಾಯಾಲಯಗಳಿಗೂ ಅದು ಗೊತ್ತು. ಚಿನ್ನದ ತಕ್ಕಡಿಯಲ್ಲಿ ತೂಗಿದ ಹಾಗೆ ಅದನ್ನು ತೂಗಬಾರದು ಎಂದು ನಮ್ಮ ಸುಪ್ರೀಂ ಕೋರ್ಟು ಮತ್ತೆ ಮತ್ತೆ ಹೇಳಿದೆ. ಒಂದು ಏಟು ಹೆಚ್ಚಾಯಿತು ಎಂದು ಯಾರನ್ನೂ ಗಲ್ಲಿಗೇರಿಸುವುದಿಲ್ಲ. ಆದರೆ ಈ ವಿನಾಯಿತಿ ಗಾಬರಿಗೆ ಕೊಟ್ಟದ್ದು. ಸೇಡಿಗೆ ಕೊಟ್ಟದ್ದಲ್ಲ.

ಹಿಡಿದವನನ್ನು ನೀವೇ ಇಟ್ಟುಕೊಳ್ಳುವಂತೆಯೂ ಇಲ್ಲ. ಕಣ್ಣೆದುರು ಗಂಭೀರ ಅಪರಾಧ ಮಾಡಿದವನನ್ನು ಸಾಮಾನ್ಯ ನಾಗರಿಕ ಕೂಡ ಹಿಡಿಯಬಹುದು. ಹಿಡಿದ ಮೇಲೆ ತಡ ಮಾಡದೆ, ಹೆಚ್ಚೆಂದರೆ 6 ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ಪೊಲೀಸರಿಗೂ ಗೆರೆ ಇದೆ. ತಪ್ಪಿಸಿಕೊಳ್ಳದಂತೆ ತಡೆಯಲು ಬೇಕಾದಷ್ಟೇ ಬಂಧನ, ಅದಕ್ಕಿಂತ ಬಿಗಿ ಕೂಡದು.

ಈಗ ಒಂದು ಮಾತಿನ ಬಗ್ಗೆ ಸ್ವಲ್ಪ ನಿಲ್ಲಬೇಕು. ಧರ್ಮದೇಟು. ಪತ್ರಿಕೆಯಲ್ಲಿ ನಾವು ದಿನಾ ಓದುವ ಪದ. ಕಳ್ಳ ಸಿಕ್ಕಿಬಿದ್ದ, ಸಾರ್ವಜನಿಕರಿಂದ ಧರ್ಮದೇಟು. ಪುಂಡನಿಗೆ ಧರ್ಮದೇಟು. ಓದಿ ಮುಗುಳ್ನಗುತ್ತೇವೆ. ಧರ್ಮಕ್ಕೆ ಸಿಕ್ಕಿತು ಅಂದರೆ ಪುಕ್ಕಟೆ ಸಿಕ್ಕಿತು ಎಂದು ನಮ್ಮಲ್ಲಿ ಅರ್ಥ. ಹಾದುಹೋಗುವವನು ಪುಕ್ಕಟೆಯಾಗಿ ಕೊಟ್ಟು ಹೋಗುವ ಏಟು ಇದು. ಅವನಿಗೂ ಆ ಕಳ್ಳನಿಗೂ ಸಂಬಂಧವಿಲ್ಲ. ಏಟು ತಿನ್ನುವವನು ಕಳ್ಳನೋ ಅಲ್ಲವೋ ಎಂಬುದೂ ಗೊತ್ತಿಲ್ಲ. ಈ ಏಟಿಗೆ ಧರ್ಮದ ಹೆಸರನ್ನು ಅಂಟಿಸಿ ನಾವು ಎಷ್ಟು ಹಾಯಾಗಿದ್ದೇವೆ! ಒಮ್ಮೆ ಗಮನವಿಟ್ಟು ನೋಡಿ. ಧರ್ಮದೇಟು ಬೀಳುವುದೆಲ್ಲ ಹಿಡಿದಾದ ಮೇಲೆ. ಕಂಬಕ್ಕೆ ಕಟ್ಟಿಯಾದ ಮೇಲೆ. ಅಂದರೆ ಅಪಾಯ ಪೂರ್ತಿ ಮುಗಿದ ಮೇಲೆ.

2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುಳ್ಳು ಸುದ್ದಿ ವಾಟ್ಸಾಪಿನಲ್ಲಿ ಹರಿದಾಡಿತು. ಆ ಮೇ ತಿಂಗಳಲ್ಲಿ ಬೆಂಗಳೂರಿನ ನಟ್ಟನಡುವೆ, ಕೆಲಸ ಹುಡುಕಿ ರಾಜಸ್ಥಾನದಿಂದ ಬಂದಿದ್ದ ಒಬ್ಬ ಯುವಕನನ್ನು ಜನ ಹಿಡಿದರು, ಕಟ್ಟಿದರು, ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ ಹೈದರಾಬಾದಿನ ಒಬ್ಬ ಯುವಕ ಇದೇ ವದಂತಿಗೆ ಬಲಿಯಾದ. ಹೀಗೆ ಹೊಡೆದವರಲ್ಲಿ ಬಹಳ ಜನ ತಾವು ಮಕ್ಕಳನ್ನು ಕಾಪಾಡುತ್ತಿದ್ದೇವೆಂದೇ ನಂಬಿದ್ದಿರಬೇಕು. ನ್ಯೂಯಾರ್ಕಿನ ಬೋಗಿಗೂ ಈ ಬೀದಿಗಳಿಗೂ ತುಂಬ ವ್ಯತ್ಯಾಸವಿದೆ, ನಿಜ. ಅಲ್ಲಿ ಹಿಡಿದವನು ಹೊಡೆಯಲಿಲ್ಲ, ಇಲ್ಲಿ ಹೊಡೆದರು. ಅಲ್ಲಿ ಬೆದರಿಕೆ ಕಣ್ಣೆದುರಿಗಿತ್ತು, ಇಲ್ಲಿ ಬೆದರಿಕೆಯೇ ಸುಳ್ಳು. ಆದರೂ ಎರಡೂ ಕಡೆ, ಸಾಕು ಬಿಡಿ ಎಂಬ ಮಾತು ಕೈಗಳವರೆಗೆ ಹೋಗಿ ಮುಟ್ಟಲಿಲ್ಲ.

ಇನ್ನೊಂದು ವಿಷಯ ಹೇಳಿ ನನ್ನ ಕಥೆಗೆ ಮರಳುತ್ತೇನೆ. ಬೀದಿಯಲ್ಲಿ ಹೀಗೆ ರೇಗಾಡುವವರಲ್ಲಿ ಕೆಲವರು ಮನೋರೋಗಿಗಳು. 2017ರ ಮಾನಸಿಕ ಆರೋಗ್ಯ ಕಾಯ್ದೆ ಇಂಥವರ ಬಗ್ಗೆ ಪೊಲೀಸರಿಗೆ ಹೊಣೆ ಹೊರಿಸಿದೆ. ಅಂಥವರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ತೋರಿಸಬೇಕು. ಲಾಕಪ್ಪಿನಲ್ಲಿ ಕೂಡಿಹಾಕುವಂತಿಲ್ಲ. ಆಸ್ಪತ್ರೆಯೊಳಗೆ ಕೂಡ, ರೋಗಿಯನ್ನು ಕಟ್ಟುವುದು ಶಿಕ್ಷೆಯಾಗಿ ಕೂಡದು. ತೀರ ಅಗತ್ಯವಿರುವಷ್ಟು ಹೊತ್ತು ಮಾತ್ರ. ನಮ್ಮ ಮನೆಯಲ್ಲೋ ನೆರೆಯಲ್ಲೋ ಇಂಥವರಿದ್ದರೆ, ಕೈ ಮೀರುವ ಮೊದಲೇ ಟೆಲಿ ಮನಸ್ ಸಹಾಯವಾಣಿಗೆ ಫೋನ್ ಮಾಡಿ. ಸಂಖ್ಯೆ 14416. ಇನ್ನೊಮ್ಮೆ ಹೇಳುತ್ತೇನೆ, ಒಂದು, ನಾಲ್ಕು, ನಾಲ್ಕು, ಒಂದು, ಆರು. ಕನ್ನಡದಲ್ಲೇ ಮಾತಾಡುತ್ತಾರೆ. ಬೀದಿಯಲ್ಲಿ ಅಪಾಯ ಎದುರಾದರೆ 112. ಯಾರಾದರೂ ಒಬ್ಬರು ಹಿಡಿಯಲು ಹೋಗುವುದನ್ನು ಬಿಟ್ಟು ಮೊದಲು ಫೋನ್ ಮಾಡಲಿ.

ಹಿಡಿಯಲೇಬೇಕಾಗಿ ಬಂದರೆ? ಕುತ್ತಿಗೆಗೆ ಕೈ ಹೋಗಬಾರದು. ಬೆನ್ನ ಮೇಲೆ, ಎದೆಯ ಮೇಲೆ ಭಾರ ಹಾಕಬಾರದು. ತೋಳು, ಕಾಲು ಹಿಡಿಯಬಹುದು. ಬಿದ್ದವನನ್ನು ಆದಷ್ಟು ಬೇಗ ಪಕ್ಕಕ್ಕೆ ತಿರುಗಿಸಿ, ಇಲ್ಲವೇ ಎತ್ತಿ ಕೂರಿಸಿ. ಒಬ್ಬರು ಅವನ ಮುಖವನ್ನೇ ನೋಡುತ್ತಿರಿ. ಮೈ ಸಡಿಲವಾಯಿತೋ, ಕೈ ತೆಗೆಯಿರಿ. ಉಸಿರು ನೋಡಿ. 108ಕ್ಕೆ ಫೋನ್ ಮಾಡಿ.

ಅವತ್ತು ಬಸ್ ನಿಲ್ದಾಣದಲ್ಲಿ ನಮಗೆ ಇದ್ಯಾವುದೂ ಗೊತ್ತಿರಲಿಲ್ಲ. ಹಮಾಲನ ಮಂಡಿ ಬೆನ್ನ ಮೇಲಿತ್ತು. ನನ್ನ ಕೈ ಕಾಲ ಮೇಲಿತ್ತು. ಸುತ್ತ ನಿಂತವರು ಹಾಕ್ರೋ ಎರಡು ಎನ್ನುತ್ತಿದ್ದರು. ಆಗ ಹೂವಿನಂಗಡಿಯ ಹೆಂಗಸು ಜನರನ್ನು ತಳ್ಳಿಕೊಂಡು ಒಳಗೆ ಬಂದಳು. ಅವನು ಬಾಟಲಿ ಬೀಸಿದ್ದು ಅವಳ ಕಡೆಗೇ. ಅವಳ ಮೊರದ ಸೇವಂತಿಗೆ ಎಲ್ಲ ನೆಲದ ಪಾಲಾಗಿತ್ತು. ಬಗ್ಗಿ ಅವನ ಮುಖ ನೋಡಿದಳು. ನೋಡಿದವಳೇ ಹಮಾಲನ ಭುಜಕ್ಕೆ ರಪ್ಪನೆ ಹೊಡೆದಳು.

"ಬುಡ್ಲಾ ಮ್ಯಾಕೇಳು! ಅವ್ನು ಕೊಸರಾಡ್ತಿರೋದು ಹೊಡ್ಯಾಕಲ್ಲ ಕಣ್ಲಾ, ಉಸ್ರಿಗೆ!"

ಹಮಾಲ ಎದ್ದ. ನಾನು ಕಾಲು ಬಿಟ್ಟೆ. ಅವಳೇ ಅವನನ್ನು ಪಕ್ಕಕ್ಕೆ ಹೊರಳಿಸಿದಳು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಅವನ ಎದೆಯಿಂದ ಒಂದು ಸದ್ದು ಬಂತು, ಬಾವಿಯಿಂದ ಕೊಡ ಎಳೆಯುವಾಗ ರಾಟೆ ಕಿರುಗುಟ್ಟುವ ಹಾಗೆ. ಎರಡನೆಯ ಸಲ ಉಸಿರೆಳೆದ. ಮೂರನೆಯ ಸಲ ಕೆಮ್ಮಿದ. ಹಮಾಲ ತಲೆಗೆ ಸುತ್ತಿದ ಟವೆಲ್ ಬಿಚ್ಚಿ ತನ್ನ ಮುಖ ಒರೆಸಿಕೊಂಡ. ಅವನ ಕೈ ನಡುಗುತ್ತಿತ್ತು.

ಪೊಲೀಸರು ಬರಲು ಮುಕ್ಕಾಲು ಗಂಟೆಯಾಯಿತು. ಅಷ್ಟು ಹೊತ್ತು ಅವನು ಹೂವಿನಂಗಡಿಯ ಕಟ್ಟೆಗೆ ಒರಗಿ ಕೂತಿದ್ದ. ಯಾರೂ ಅವನನ್ನು ಹಿಡಿದಿರಲಿಲ್ಲ. ಇಬ್ಬರು ಹಮಾಲರು ಎರಡು ಮಾರು ದೂರದಲ್ಲಿ ನಿಂತಿದ್ದರು, ಅಷ್ಟೆ. ಆ ಹೆಂಗಸು ಹೂವಿಗೆ ಚಿಮುಕಿಸುವ ತಂಬಿಗೆಯ ನೀರನ್ನೇ ಅವನಿಗೆ ಕುಡಿಯಲು ಕೊಟ್ಟಳು. ಕುಡಿದು, ತಂಬಿಗೆಯನ್ನು ಪಕ್ಕದಲ್ಲಿಟ್ಟು, ಅವನು ನೆಲದ ಮೇಲೆ ಚೆಲ್ಲಿದ್ದ ಸೇವಂತಿಗೆಯನ್ನು ಒಂದೊಂದಾಗಿ ಆರಿಸಿ ಮೊರಕ್ಕೆ ಹಾಕತೊಡಗಿದ.